ಕೊಡುವವಳ ಅರವತ್ತು ದಿನ

ದತ್ತು ಅಂದ ಕೂಡಲೇ ನಮ್ಮ ತಲೆಗೆ ಬರೋದು ಹೈಸ್ಕೂಲಿನ ಚರಿತ್ರೆ ಪುಸ್ತಕ. ಕಿತ್ತೂರಿನ ದೊರೆ ತೀರಿಕೊಂಡ, ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡರು, ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, 1824ರ ಅಕ್ಟೋಬರಿನಲ್ಲಿ ಯುದ್ಧವಾಯಿತು, ಥ್ಯಾಕರೆ ಸತ್ತ. ಆಮೇಲೆ ಮೈಸೂರು. ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದರು, ಆ ದತ್ತನ್ನು ಬ್ರಿಟಿಷರು ಒಪ್ಪಿದ್ದರಿಂದಲೇ 1881ರಲ್ಲಿ ರಾಜ್ಯ ವಾಪಸ್ ಬಂತು. ಎರಡು ಮಾರ್ಕಿನ ಪ್ರಶ್ನೆಗೆ ಇಷ್ಟು ಸಾಕಿತ್ತು. ಡಾಲ್‌ಹೌಸಿ, ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ, ಝಾನ್ಸಿ ಅಂತ ಇನ್ನೊಂದು ಸಾಲು ಸೇರಿಸಿದರೆ ನಾಲ್ಕು ಮಾರ್ಕು.

ಈ ಕತೆಗಳಲ್ಲೆಲ್ಲ ಪಡೆದವರಿದ್ದಾರೆ, ಒಪ್ಪದವರಿದ್ದಾರೆ, ಕತ್ತಿ ಹಿಡಿದವರಿದ್ದಾರೆ. ಕೊಟ್ಟವಳು ಎಲ್ಲಿ? ಹೆತ್ತು, ಎತ್ತಿಕೊಂಡು, ಆಮೇಲೆ ಇನ್ನೊಬ್ಬರ ಮಡಿಲಿಗೆ ಹಾಕಿದವಳ ಬಗ್ಗೆ ಒಂದು ಸಾಲೂ ಇಲ್ಲ. ಹಳೆಯ ಹಿಂದೂ ಕಾನೂನು ನೋಡಿದರೆ ಇದಕ್ಕೆ ಕಾರಣ ಗೊತ್ತಾಗುತ್ತೆ. ಮಗನನ್ನು ದತ್ತು ಕೊಡುವ ಹಕ್ಕು ತಂದೆಯದು. ಹೆಂಡತಿಯ ಒಪ್ಪಿಗೆ ಬೇಕೇ ಬೇಕು ಅಂತೇನೂ ಇರಲಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಬಂದಾಗ ಅವಳ ಒಪ್ಪಿಗೆ ಕೇಳಬೇಕು ಅಂತಾಯ್ತು. ಆದರೂ ಗಂಡ ಬದುಕಿದ್ದು ನೆಟ್ಟಗಿರುವಾಗ ಕೊಡುವ ಹಕ್ಕು ಅವನದೇ ಆಗಿತ್ತು. ಇಬ್ಬರಿಗೂ ಸಮಾನ ಹಕ್ಕು ಅಂತ ತಿದ್ದುಪಡಿ ಆಗಿದ್ದು 2010ರಲ್ಲಿ. ಹೌದು, 2010. ಆ ಹೊತ್ತಿಗೆ ನಮ್ಮ ಕೈಯಲ್ಲಿ ಸ್ಮಾರ್ಟ್‌ಫೋನ್ ಬಂದಾಗಿತ್ತು.

ಇದನ್ನೆಲ್ಲ ನಾನು ಓದೋಕೆ ಶುರು ಮಾಡಿದ್ದು ಆಫೀಸಿನ ಒಬ್ಬ ಗೆಳೆಯನಿಂದ. ಮದುವೆಯಾಗಿ ಹತ್ತು ವರ್ಷ, ಮಕ್ಕಳಿಲ್ಲ, ಟ್ರೀಟ್‌ಮೆಂಟಿಗೆ ಸುರಿದ ದುಡ್ಡಿಗೆ ಲೆಕ್ಕ ಇಲ್ಲ. ಒಂದು ದಿನ ಕಾಫಿಗೆ ಹೋದಾಗ ಮೆಲ್ಲಗೆ ಹೇಳಿದ: "ಒಂದು ನರ್ಸಿಂಗ್ ಹೋಮಲ್ಲಿ ಮಾತಾಡಿದೀವಿ. ಹುಡುಗಿಗೆ ಎಂಟನೇ ತಿಂಗಳು. ಮದುವೆ ಆಗಿಲ್ಲ. ಹೆರಿಗೆ ಆದ ತಕ್ಷಣ ಮಗು ನಮ್ಮ ಕೈಗೆ. ಬಾಂಡ್ ಪೇಪರ್ ಮೇಲೆ ಬರೆಸಿಕೊಡ್ತಾರಂತೆ."

"ಆ ಹುಡುಗಿ ಆಮೇಲೆ ಕೊಡಲ್ಲ ಅಂದ್ರೆ?" ಅಂದೆ.

"ಅನ್ನಲ್ಲ ಬಿಡು. ಅಡ್ವಾನ್ಸ್ ಕೊಟ್ಟಿದಾರಂತೆ."

ಅವನು ಕೆಟ್ಟವನಲ್ಲ. ಬಹಳ ನೊಂದವನು. ಆದರೆ 'ಅಡ್ವಾನ್ಸ್' ಅನ್ನೋ ಆ ಪದ ನನ್ನ ಕಿವಿಯಿಂದ ಹೋಗಲೇ ಇಲ್ಲ. ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ತಾಯಿ ಆಡಿದ ಮಾತಿಗೆ ಬೆಲೆ ಎಷ್ಟು? ಹೆತ್ತ ಮೇಲೆ ಮನಸ್ಸು ಬದಲಾಯಿಸೋಕೆ ಅವಳಿಗೆ ಎಷ್ಟು ದಿನ ಕೊಡಬೇಕು? ಆ ದಿನ ಎಣಿಸೋರು ಯಾರು? ಹುಡುಕುತ್ತಾ ಹೋದರೆ ಮುನ್ನೂರು ವರ್ಷದ ಇತಿಹಾಸವೆಲ್ಲ ಈ ಪ್ರಶ್ನೆಗಳ ಸುತ್ತಲೇ ತಿರುಗಿದೆ.

ಲಂಡನ್ನಿನಿಂದ ಶುರು ಮಾಡ್ತೀನಿ, ಯಾಕಂದ್ರೆ ಅಲ್ಲಿ ಕಾಗದಪತ್ರ ಉಳಿದಿದೆ. ಥಾಮಸ್ ಕೋರಂ ಅಂತ ಒಬ್ಬ ಹಡಗಿನ ಕ್ಯಾಪ್ಟನ್. ಬೀದಿ ಬದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ನೋಡಲಾರದೆ ಹದಿನೇಳು ವರ್ಷ ದೊಡ್ಡವರ ಮನೆ ಬಾಗಿಲು ತಟ್ಟಿ, 1739ರಲ್ಲಿ ರಾಜನಿಂದ ಸನ್ನದು ಪಡೆದ. 1741ರ ಮಾರ್ಚಿ 25ರ ರಾತ್ರಿ ಫೌಂಡ್ಲಿಂಗ್ ಹಾಸ್ಪಿಟಲ್‌ನ ಬಾಗಿಲು ತೆರೆಯಿತು. ಆಸ್ಪತ್ರೆ ಅಂತ ಹೆಸರು, ನಿಜಕ್ಕೂ ಅದು ಅನಾಥ ಮಕ್ಕಳ ಮನೆ. ಮೊದಲ ರಾತ್ರಿಯೇ 30 ಮಕ್ಕಳು ಬಂದು ಜಾಗ ತುಂಬಿಹೋಯ್ತು. ಹೊರಗೆ ಇನ್ನೂ ಹೆಂಗಸರು ನಿಂತಿದ್ದರು.

ಜಾಗಕ್ಕಿಂತ ಮಕ್ಕಳು ಜಾಸ್ತಿ ಆದಾಗ ಅವರು ಏನು ಮಾಡಿದರು ಗೊತ್ತಾ? 1742ರಲ್ಲಿ ಚೀಟಿ ಎತ್ತುವ ಪದ್ಧತಿ ತಂದರು. ಚೀಟಿ ಬದಲು ಚೆಂಡು. ಎರಡು ತಿಂಗಳೊಳಗಿನ ಕೂಸನ್ನು ಎತ್ತಿಕೊಂಡು ಬಂದ ತಾಯಿ ಒಂದು ಚೀಲದೊಳಗೆ ಕೈ ಹಾಕಬೇಕು. ಬಿಳಿ ಚೆಂಡು ಬಂದರೆ ಮಗುವಿಗೆ ಕಾಯಿಲೆ ಇಲ್ಲ ಅಂತ ಪರೀಕ್ಷೆ ಮಾಡಿ ಒಳಗೆ ಸೇರಿಸಿಕೊಳ್ಳುತ್ತಾರೆ. ಕೆಂಪು ಬಂದರೆ ಕಾಯಬೇಕು, ಬಿಳಿ ಸಿಕ್ಕಿದ ಯಾವುದಾದರೂ ಮಗು ಪರೀಕ್ಷೆಯಲ್ಲಿ ಬಿದ್ದುಹೋದರೆ ಇವಳದಕ್ಕೆ ಜಾಗ. ಕಪ್ಪು ಬಂದರೆ ಮಗುವನ್ನು ಎತ್ತಿಕೊಂಡು ವಾಪಸ್ ನಡಿ. ಊರಿನ ಶ್ರೀಮಂತ ಹೆಂಗಸರು ಇದನ್ನು ನೋಡೋಕೆ ಬರುತ್ತಿದ್ದರು, ನಾಟಕ ನೋಡಿದ ಹಾಗೆ. ಮಗುವನ್ನು ಬಿಟ್ಟು ಹೋಗಬೇಕು ಅಂತ ತೀರ್ಮಾನ ಮಾಡಿಕೊಂಡು ಬಂದವಳ ಕೈಗೆ ಬಿಳಿ ಚೆಂಡು ಸಿಕ್ಕರೆ ಅದು ಸಂತೋಷವೋ ದುಃಖವೋ, ನನಗಂತೂ ಊಹಿಸೋಕೆ ಆಗಲ್ಲ.

ಒಳಗೆ ಹೋದ ಮಗುವಿಗೆ ಹೊಸ ಹೆಸರು, ಒಂದು ನಂಬರು. ಹಳೆಯ ಹೆಸರು ಹೊರಗೇ ಉಳಿಯುತ್ತಿತ್ತು. ಮುಂದೊಂದು ದಿನ ತಾಯಿ ವಾಪಸ್ ಬಂದರೆ ಗುರುತು ಹಿಡಿಯಬೇಕಲ್ಲ, ಅದಕ್ಕೆ ಒಂದು ವಸ್ತು ಬಿಟ್ಟು ಹೋಗಿ ಅನ್ನುತ್ತಿದ್ದರು. ನಾಣ್ಯ, ಉಂಗುರ, ಗುಂಡಿ, ಏನೂ ಇಲ್ಲದವರದು ಮಗುವಿನ ಬಟ್ಟೆಯ ಒಂದು ತುಂಡು. ಅದನ್ನು ದಾಖಲೆ ಹಾಳೆಗೆ ಸೂಜಿಯಿಂದ ಚುಚ್ಚಿ ಇಡುತ್ತಿದ್ದರು. ಅಂಥ ಸುಮಾರು 5,000 ಬಟ್ಟೆ ತುಂಡುಗಳು ಇಂದಿಗೂ ಲಂಡನ್ನಿನಲ್ಲಿವೆ. ಮುಚ್ಚಿದ ಪುಸ್ತಕದೊಳಗೆ ಇದ್ದದ್ದರಿಂದ ಬಣ್ಣವೂ ಮಾಸಿಲ್ಲ. ಆ ಕಾಲದ ಬಡವರು ಏನು ಉಡುತ್ತಿದ್ದರು ಅಂತ ತಿಳಿಯೋಕೆ ಇಂಗ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡ ಸಂಗ್ರಹ ಇನ್ನೊಂದಿಲ್ಲವಂತೆ. ಜವಳಿ ಇತಿಹಾಸ ಬರೆಯುವವರಿಗೆ ಅದು ಖಜಾನೆ.

1756ರಲ್ಲಿ ಪಾರ್ಲಿಮೆಂಟು ದುಡ್ಡು ಕೊಡುತ್ತೇವೆ, ಆದರೆ ಬಂದ ಮಗುವನ್ನೆಲ್ಲ ತೆಗೆದುಕೊಳ್ಳಬೇಕು ಅಂತ ಷರತ್ತು ಹಾಕಿತು. ಚೆಂಡಿನ ಚೀಲ ಹೋಯ್ತು, ಬಾಗಿಲಲ್ಲಿ ಬುಟ್ಟಿ ಬಂತು. ಮೊದಲ ದಿನವೇ 117 ಮಕ್ಕಳು. ದೂರದ ಹಳ್ಳಿಗಳಿಂದ ಕೂಲಿಗೆ ಮಕ್ಕಳನ್ನು ಸಾಗಿಸುವವರು ಹುಟ್ಟಿಕೊಂಡರು. ದಾರಿಯಲ್ಲೇ ಎಷ್ಟೋ ಸತ್ತವು. 1760ರಲ್ಲಿ ನಿಲ್ಲಿಸುವ ಹೊತ್ತಿಗೆ ಸುಮಾರು 15,000 ಮಕ್ಕಳು ಒಳಗೆ ಬಂದಿದ್ದರು, ಮೂರರಲ್ಲಿ ಎರಡು ಪಾಲು ಬದುಕಲಿಲ್ಲ. ಇಷ್ಟೆಲ್ಲ ಗುರುತು ಇಟ್ಟುಕೊಂಡರಲ್ಲ, ವಾಪಸ್ ಬಂದ ತಾಯಂದಿರು ಎಷ್ಟು? 1741ರಿಂದ 1760ರವರೆಗೆ ಸೇರಿಸಿಕೊಂಡ 16,282 ಮಕ್ಕಳಲ್ಲಿ 152.

152 ಅನ್ನೋದನ್ನು ನೋಡಿ, ಉಳಿದವರಿಗೆ ಮಗು ಬೇಡವಾಗಿತ್ತು ಅಂತ ಯಾರಾದರೂ ಹೇಳಬಹುದು. ಸಾರಾ ಬೆಂಡರ್ ಎಂಬ ಹೆಂಗಸಿನ ದಾಖಲೆ ನೋಡಿದ ಮೇಲೆ ಹಾಗೆ ಹೇಳೋದು ಕಷ್ಟ. 1767ರ ಫೆಬ್ರವರಿಯಲ್ಲಿ ಅವಳು ತನ್ನ ಮಗ ಚಾರ್ಲ್ಸ್‌ನನ್ನು ಅಲ್ಲಿ ಬಿಟ್ಟಳು. ಗುರುತಿಗೆ ಒಂದು ಕೌದಿ ತುಂಡು. ಬಣ್ಣಬಣ್ಣದ ಚೂರುಗಳನ್ನು ಸೇರಿಸಿ ಹೊಲಿದು, ಮೇಲೆ ಕೆಂಪು ದಾರದಲ್ಲಿ ಒಂದು ಹೃದಯ ಕಸೂತಿ ಹಾಕಿ, ಅದನ್ನು ಸರಿಯಾಗಿ ನಡುವೆ ಎರಡಾಗಿ ಕತ್ತರಿಸಿದ್ದಳು. ಅರ್ಧ ಅಲ್ಲಿ, ಅರ್ಧ ಅವಳ ಹತ್ತಿರ. 1775ರ ಜೂನಿನಲ್ಲಿ ತನ್ನ ಅರ್ಧವನ್ನು ಹಿಡಿದುಕೊಂಡು ಬಂದಳು. ಮಗ ಬದುಕಿದ್ದ. ಕರೆದುಕೊಂಡು ಹೋದಳು. ಎಂಟು ವರ್ಷ ಬೇಕಾಯಿತು ಅವಳಿಗೆ, ಒಂದು ಮಗುವನ್ನು ಸಾಕುವಷ್ಟು ನೆಲೆ ಕಂಡುಕೊಳ್ಳೋಕೆ. ಮಗು ಬೇಡ ಅಂತ ಬಿಟ್ಟವಳು ಹಾಗೆ ಹೃದಯ ಹೊಲಿದು ಕತ್ತರಿಸುತ್ತಾಳೆಯೇ?

ಈಗ ನಮ್ಮ ಕಡೆಗೆ ಬರೋಣ, ಪುಣೆಗೆ. ಲಂಡನ್ನಿನ ತಾಯಿಗೆ ಬಡತನ ಶತ್ರು. ಇಲ್ಲಿನ ಬ್ರಾಹ್ಮಣ ವಿಧವೆಗೆ ತಲೆ ಬೋಳಿಸಿದ ಮನೆಯೇ ಶತ್ರು. ಎಂಟು ಹತ್ತು ವರ್ಷಕ್ಕೆ ಮದುವೆ, ಹದಿನೈದಕ್ಕೆ ಗಂಡ ಸತ್ತ, ಮರುಮದುವೆ ಇಲ್ಲ. ಮನೆಯದೇ ಯಾರೋ ಗಂಡಸು ಬಸಿರು ಮಾಡಿದರೆ ಬಾವಿ ಒಂದೇ ದಾರಿ, ಒಂದೋ ಅವಳಿಗೆ, ಇಲ್ಲವೋ ಕೂಸಿಗೆ. ಜೋತಿಬಾ ಫುಲೆಯವರ ಗೆಳೆಯನ ಮನೆಯಲ್ಲಿ ಅಡುಗೆಗಿದ್ದ ಕಾಶಿಬಾಯಿ ಎಂಬ ವಿಧವೆಗೆ ಆದದ್ದೂ ಅದೇ. ಒಬ್ಬ ಶಾಸ್ತ್ರಿಯಿಂದ ಬಸಿರಾದಳು, ಅವನು ಕೈಬಿಟ್ಟ, ಹುಟ್ಟಿದ ಕೂಸನ್ನು ಕೊಂದು ಬಾವಿಗೆ ಹಾಕಿದಳು. ಸಿಕ್ಕಿಬಿದ್ದಳು. ಅವಳಿಗೆ ಜೀವಾವಧಿ ಕರಿನೀರಿನ ಶಿಕ್ಷೆ. ಶಾಸ್ತ್ರಿಗೆ ಏನೂ ಇಲ್ಲ.

1863ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಹೆಸರು ಸ್ವಲ್ಪ ಸರ್ಕಾರಿ ಕಚೇರಿಯ ಹಾಗಿದೆ, ಕೆಲಸ ಮಾತ್ರ ಮನೆಯದು. ಪುಣೆಯಲ್ಲಿ ಭಿತ್ತಿಪತ್ರ ಅಂಟಿಸಿದರು. ವಿಧವೆಯರೇ, ಇಲ್ಲಿಗೆ ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರಬಹುದು, ಮಗುವನ್ನು ಜೊತೆಗೆ ಒಯ್ಯುವುದೋ ಇಲ್ಲೇ ಬಿಡುವುದೋ ನಿಮ್ಮ ಇಷ್ಟ ಅನ್ನೋದು ಅದರ ತಾತ್ಪರ್ಯ. ಈ ಕೊನೆಯ ಮಾತಿನ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಚೀಲದಲ್ಲಿ ಕೈ ಹಾಕು ಅನ್ನಲಿಲ್ಲ, ನಿನ್ನ ನಡತೆ ಹೇಗೆ ಅಂತ ವಿಚಾರಣೆ ಮಾಡಲಿಲ್ಲ. ಮೊದಲು ಹೆರು, ಜೀವ ಉಳಿಸಿಕೋ, ಆಮೇಲೆ ಯೋಚಿಸು. ಹೆರಿಗೆಯನ್ನೂ ತೀರ್ಮಾನವನ್ನೂ ಬೇರೆ ಬೇರೆ ಮಾಡಿದರು. ಕಾನೂನಿನವರಿಗೆ ಇದು ಹೊಳೆಯೋಕೆ ಇನ್ನೂ ನೂರು ವರ್ಷ ಹಿಡಿಯಿತು.

ಫಲಿತಾಂಶ ಮಾತ್ರ ಕರುಳು ಹಿಂಡುವಂಥದ್ದು. 1884ರಲ್ಲಿ ಫುಲೆ ತಾವೇ ಬರೆದಿಟ್ಟ ಲೆಕ್ಕದ ಪ್ರಕಾರ ಅದುವರೆಗೆ 35 ಮಂದಿ ಬಸುರಿ ವಿಧವೆಯರು ಬಂದು ಹೆತ್ತಿದ್ದರು. ಆ ಮಕ್ಕಳಲ್ಲಿ ಬದುಕಿದ್ದದ್ದು ಐದು. ಉಳಿದ ಮೂವತ್ತು, ಬಸಿರು ಮುಚ್ಚಿಡೋಕೆ ತಾಯಂದಿರು ಮೊದಲೇ ಕುಡಿದಿದ್ದ ವಿಷದ ಮದ್ದಿನಿಂದ ಸತ್ತವು ಅಂತ ಅವರು ಹೇಳುತ್ತಾರೆ. ಅಂದರೆ ಆ ಮನೆಯ ಬಾಗಿಲಿಗೆ ಬರೋ ಹೊತ್ತಿಗೆ ತಡವಾಗಿರುತ್ತಿತ್ತು. ಐದಾರು ತಿಂಗಳು ಒಬ್ಬಳೇ ಹೆದರಿ, ಎಲ್ಲ ನಾಟಿ ಮದ್ದೂ ಮುಗಿದ ಮೇಲೆ ಬಂದವರು. ಮಕ್ಕಳಿಲ್ಲದ ಫುಲೆ ದಂಪತಿ 1874ರಲ್ಲಿ ಇಂಥದೇ ಒಬ್ಬ ವಿಧವೆಯ ಮಗನನ್ನು ದತ್ತು ತೆಗೆದುಕೊಂಡರು. ಅವನೇ ಯಶವಂತ, ಡಾಕ್ಟರಾದವನು. 1887ರಲ್ಲಿ ಉಯಿಲು ಬರೆದು ಜೋತಿಬಾ ಅವನನ್ನೇ ವಾರಸುದಾರ ಮಾಡಿದರು. 1897ರ ಪ್ಲೇಗಿನಲ್ಲಿ ತಾಯಿ ಮಗ ಇಬ್ಬರೂ ರೋಗಿಗಳ ಸೇವೆಗೆ ನಿಂತರು, ಅದೇ ಪ್ಲೇಗು ಸಾವಿತ್ರಿಬಾಯಿಯನ್ನು ಕೊಂಡೊಯ್ದಿತು. ನಮ್ಮ ಚರಿತ್ರೆ ಪುಸ್ತಕಗಳಲ್ಲಿ ದತ್ತು ಅಂತ ಪಾಠ ಇದ್ದರೆ, ಡಾಲ್‌ಹೌಸಿಗಿಂತ ಮುಂಚೆ ಈ ಮನೆ ಬರಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಬಾವಿ, ಬುಟ್ಟಿ ಹೋಗಿ ಆಸ್ಪತ್ರೆ, ಫಾರಂ, ಸೋಷಿಯಲ್ ವರ್ಕರ್ ಬಂದರು. ಎಲ್ಲ ಸುಧಾರಿಸಿರಬೇಕು ಅಲ್ವಾ? ಆಸ್ಟ್ರೇಲಿಯಾದ ಕತೆ ಕೇಳಿ. 1950ರಿಂದ 70ರ ದಶಕದವರೆಗೆ ಮದುವೆಯಾಗದ ಹುಡುಗಿ ಬಸಿರಾದರೆ ದೂರದ ಒಂದು 'ಹೋಂ'ಗೆ ಕಳಿಸುತ್ತಿದ್ದರು. ಮನೆಯವರಿಗೆ ಮಾನದ ಪ್ರಶ್ನೆ, ಆಸ್ಪತ್ರೆಯವರಿಗೆ ಕಾಯುತ್ತಿರುವ ಒಳ್ಳೆ ದಂಪತಿಗಳ ಪ್ರಶ್ನೆ. ಹುಡುಗಿಯ ಕೇಸ್ ಶೀಟಿನ ಮೇಲೆ ಹೆರಿಗೆಗೆ ಮುಂಚೆಯೇ 'ಬಿ ಎಫ್ ಎ' ಅಂತ ಮೂರು ಅಕ್ಷರ ಬರೆದಿರುತ್ತಿದ್ದರು. ಬೇಬಿ ಫಾರ್ ಅಡಾಪ್ಷನ್. ಅವಳು ಒಪ್ಪಿದ್ದಾಳೋ ಇಲ್ಲವೋ ಯಾರೂ ಕೇಳಿರುತ್ತಿರಲಿಲ್ಲ. ಹೆರುವಾಗ ಮಗುವಿನ ಮುಖ ಕಾಣದ ಹಾಗೆ ದಿಂಬೋ ಬಟ್ಟೆಯೋ ಅಡ್ಡ ಹಿಡಿಯುತ್ತಿದ್ದರು. ಮುಖ ನೋಡಿದರೆ ಮನಸ್ಸು ಬದಲಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಂಪರಿನ ಔಷಧಿ ಕೊಟ್ಟು ಸಹಿ ಹಾಕಿಸಿಕೊಂಡರು ಅಂತ ಎಷ್ಟೋ ತಾಯಂದಿರು ಆಮೇಲೆ ಸೆನೆಟ್ ಸಮಿತಿ ಮುಂದೆ ಹೇಳಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕಾನೂನಿನಲ್ಲಿ ಆಗಲೂ ಅವಕಾಶ ಇತ್ತು. ಸಹಿ ಹಾಕಿದ ಮೇಲೆ 30 ದಿನದೊಳಗೆ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು ಅಂತ ಅಲ್ಲಿನ ಕಾಯ್ದೆಗಳು ಹೇಳುತ್ತಿದ್ದವು. ಆದರೆ ಅದನ್ನು ಹುಡುಗಿಗೆ ಹೇಳಬೇಕಾದವರು ಹೇಳಲಿಲ್ಲ. ಕೆಲವರು ನಾಲ್ಕೈದನೇ ದಿನವೇ ಬಂದು ಮಗು ಕೇಳಿದಾಗ, ಆಗಲೇ ಹೋಯ್ತಮ್ಮ, ಇನ್ನೇನೂ ಮಾಡೋಕಾಗಲ್ಲ ಅಂದು ಕಳಿಸಿದರು. ನಾನು ಸಾಫ್ಟ್‌ವೇರ್ ಬರೆಯುವವನು. ನೀವು ಫೋನಿನಲ್ಲಿ ಒಂದು ಫೋಟೋ ಅಳಿಸಿದರೂ ನಾವದನ್ನು 30 ದಿನ ಕಸದಬುಟ್ಟಿಯಲ್ಲಿ ಇಟ್ಟಿರುತ್ತೇವೆ, ವಾಪಸ್ ಬೇಕಾ ಅಂತ ಕೇಳುತ್ತೇವೆ. ಆ ಬಟನ್ ಇದ್ದೂ ಪರದೆ ಮೇಲೆ ತೋರಿಸದಿದ್ದರೆ ಅದನ್ನು ಬಗ್ ಅನ್ನಲ್ಲ, ಮೋಸ ಅಂತೀವಿ.

2013ರ ಮಾರ್ಚಿ 21ರಂದು ಪ್ರಧಾನಿ ಜೂಲಿಯಾ ಗಿಲಾರ್ಡ್ ಇಡೀ ದೇಶದ ಪರವಾಗಿ ಆ ತಾಯಂದಿರ ಕ್ಷಮೆ ಕೇಳಿದರು. ಅಷ್ಟು ಹೊತ್ತಿಗೆ ಮಕ್ಕಳಿಗೇ ನಲವತ್ತು ಐವತ್ತು ವರ್ಷ. ಅಮೆರಿಕದಲ್ಲೂ ಎರಡನೇ ಮಹಾಯುದ್ಧ ಮುಗಿದಾಗಿನಿಂದ 1973ರವರೆಗೆ ಇದೇ ಕತೆ ನಡೆದಿತ್ತು. ಆನ್ ಫೆಸ್ಲರ್ ಎಂಬಾಕೆ ಅಂಥ ನೂರಕ್ಕೂ ಹೆಚ್ಚು ತಾಯಂದಿರನ್ನು ಮಾತಾಡಿಸಿ 2006ರಲ್ಲಿ ಪುಸ್ತಕ ತಂದರು. ಫೆಸ್ಲರ್ ತಾವೇ ದತ್ತು ಹೋದ ಮಗು. ಅಮೆರಿಕದಲ್ಲಿ ಈಗಲೂ ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ. ಬಹಳ ಕಡೆ ಹೆರಿಗೆಯಾದ ಎರಡು ಮೂರು ದಿನಕ್ಕೇ ಸಹಿ ಹಾಕಿಸಿಕೊಳ್ಳಬಹುದು, ಅಲಬಾಮಾ, ಹವಾಯಿಯಂಥ ಕೆಲವೆಡೆ ಹೆರಿಗೆಗೆ ಮುಂಚೆಯೇ ತಾಯಿಯ ಒಪ್ಪಿಗೆ ಪಡೆಯೋಕೆ ಅವಕಾಶ ಇದೆ. ಯುರೋಪಿನವರು ಬೇರೆ ದಾರಿ ಹಿಡಿದರು. 1967ರ ಅವರ ಒಡಂಬಡಿಕೆ ಪ್ರಕಾರ ಹೆತ್ತು ಆರು ವಾರ ಆಗುವ ತನಕ ತಾಯಿಯ ಒಪ್ಪಿಗೆಯನ್ನು ಒಪ್ಪಿಗೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಭಾರತದಲ್ಲಿ ಈ ಪ್ರಶ್ನೆ ಕೋರ್ಟಿಗೆ ಬಂದಿದ್ದು ಒಂದು ಕಾಗದದ ಮೂಲಕ. 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು, ದತ್ತಿನ ಹೆಸರಲ್ಲಿ ನಮ್ಮ ಮಕ್ಕಳು ವಿದೇಶಕ್ಕೆ ಹೋಗಿ ಏನೇನೋ ಪಾಡು ಪಡುತ್ತಿದ್ದಾರೆ ಅಂತ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅದನ್ನೇ ಅರ್ಜಿ ಅಂತ ತೆಗೆದುಕೊಂಡರು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ತೀರ್ಪು ಕೊಟ್ಟರು. ವಿದೇಶಿ ದತ್ತಿನ ಬಗ್ಗೆ ಉದ್ದದ ತೀರ್ಪು ಅದು, ಮುಂದೆ 1990ರಲ್ಲಿ 'ಕಾರಾ' ಅಂತ ಕರೆಯುವ ಕೇಂದ್ರದ ದತ್ತು ಸಂಸ್ಥೆ ಬಂದದ್ದರ ಬೇರೂ ಅಲ್ಲೇ ಇದೆ. ಅದರ ನಡುವೆ ಒಂದು ಸಣ್ಣ ಭಾಗ ಇದೆ. ಮಗು ಹುಟ್ಟುವ ಮುಂಚೆ, ಮತ್ತು ಹುಟ್ಟಿ ಮೂರು ತಿಂಗಳಾಗುವ ತನಕ, ಕೊಡುವ ತೀರ್ಮಾನ ಮಾಡುವಂತೆ ಹೆತ್ತವರನ್ನು ಪುಸಲಾಯಿಸಬಾರದು, ಅಷ್ಟೇ ಅಲ್ಲ, ತೀರ್ಮಾನ ಮಾಡೋಕೆ ಬಿಡಲೂಬಾರದು ಅಂತ. ಸಾಕಬಲ್ಲೆನೋ ಇಲ್ಲವೋ ಅಂತ ಯೋಚಿಸೋಕೆ ಅವರಿಗೆ ಸಮಯ ಬೇಕು ಅನ್ನೋದು ಕೋರ್ಟಿನ ಕಾರಣ.

ಇದನ್ನು ಓದಿದಾಗ ನನಗೆ ತಿಪಟೂರು ಕಡೆಯ ನಮ್ಮೂರಿನ ಒಂದು ಜಗಳ ನೆನಪಾಯ್ತು. ನಮ್ಮ ಬೀದಿಯ ಒಬ್ಬರಿಗೆ ಮೂರನೇ ಬಸಿರು. ಅವರ ಅಕ್ಕ ಬೆಂಗಳೂರಲ್ಲಿ, ಮಕ್ಕಳಿಲ್ಲ. ಏಳನೇ ತಿಂಗಳಲ್ಲಿ ದೊಡ್ಡವರೆಲ್ಲ ಕೂತು ಮಾತಾಡಿ, ಹುಟ್ಟಿದ್ದು ಗಂಡಾಗಲಿ ಹೆಣ್ಣಾಗಲಿ ಅಕ್ಕನ ಮಡಿಲಿಗೆ ಅಂತ ತೀರ್ಮಾನ ಮಾಡಿದರು. ತಂಗಿ ತಲೆ ಆಡಿಸಿದಳು. ಅಕ್ಕ ತೊಟ್ಟಿಲು ತಂದಿಟ್ಟುಕೊಂಡಳು, ಹೆಸರು ಹುಡುಕಿದಳು. ಹುಟ್ಟಿದ ಹನ್ನೊಂದನೇ ದಿನ ಬಂದು ಕೇಳಿದರೆ ತಂಗಿ, "ಮೂರು ತಿಂಗಳು ಹಾಲು ಕುಡಿಸಿ ಕೊಡ್ತೀನಿ ಅಕ್ಕ" ಅಂದಳು. ಮೂರು ತಿಂಗಳಾದ ಮೇಲೆ ಐದು ಅಂದಳು. ಐದಾದ ಮೇಲೆ ಬಾಗಿಲು ಹಾಕಿಕೊಂಡು ಅತ್ತಳು. ಕೊಡಲಿಲ್ಲ. ಊರವರೆಲ್ಲ ಮಾತು ತಪ್ಪಿದವಳು ಅಂತ ಬೈದರು. ನಮ್ಮಜ್ಜಿ ಮಾತ್ರ ಜಗಲಿ ಮೇಲೆ ಅಡಿಕೆ ಕತ್ತರಿಸುತ್ತಾ, "ಹೊಟ್ಟೇಲಿರುವಾಗ ಆಡಿದ್ದು ಮಾತಲ್ಲ ಕಣ್ರೋ. ಮುಖ ನೋಡಿದ ಮೇಲೆ ಆಡಿದ್ದು ಮಾತು" ಅಂದಿತ್ತು. ಅಕ್ಕ ತಂಗಿ ಎರಡು ವರ್ಷ ಒಬ್ಬರ ಮನೆಗೊಬ್ಬರು ಹೋಗಲಿಲ್ಲ. ಬೆಂಗಳೂರಿನ ಮನೆಯಲ್ಲಿ ಆ ಖಾಲಿ ತೊಟ್ಟಿಲು ಎಷ್ಟು ದಿನ ಇತ್ತೋ, ಅದರ ನೋವೂ ಸಣ್ಣದಲ್ಲ. ಆದರೆ ಅಜ್ಜಿಯೂ ಭಗವತಿಯವರೂ ಒಂದೇ ತೀರ್ಪು ಕೊಟ್ಟಿದ್ದರು. ಅಜ್ಜಿ ಓದಿದ್ದು ಒಂದನೇ ಕ್ಲಾಸು.

ಮನೆಯೊಳಗಿನ ಇಂಥ ದತ್ತಿಗೆ ಇವತ್ತಿಗೂ 1956ರ ಕಾಯ್ದೆಯೇ. ಅದರಲ್ಲಿ ಕಾಯುವ ದಿನ ಅಂತೇನೂ ಇಲ್ಲ. ಕೈಯಿಂದ ಕೈಗೆ ಕೊಟ್ಟರೆ ಆಯ್ತು, ಒಮ್ಮೆ ಸರಿಯಾಗಿ ಆದ ದತ್ತು ರದ್ದಾಗೋದಿಲ್ಲ. ತಂಗಿ ಹನ್ನೊಂದನೇ ದಿನ ಕೊಟ್ಟುಬಿಟ್ಟಿದ್ದರೆ ಐದನೇ ತಿಂಗಳಲ್ಲಿ ಅತ್ತು ಪ್ರಯೋಜನ ಇರಲಿಲ್ಲ.

ಹೊರಗಿನವರಿಗೆ ಕೊಡುವುದಾದರೆ ಬಾಲನ್ಯಾಯ ಕಾಯ್ದೆ. ಭಗವತಿಯವರ ಮೂರು ತಿಂಗಳು ಅಲ್ಲಿ ಎರಡು ತಿಂಗಳಾಯ್ತು, 2000ದ ಕಾಯ್ದೆಯಲ್ಲೂ ಅಷ್ಟೇ, ಈಗಿರುವ 2015ರ ಕಾಯ್ದೆಯಲ್ಲೂ ಅಷ್ಟೇ. ತಾಯಿ, ಮದುವೆಯಾಗಿದ್ದರೆ ಇಬ್ಬರೂ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗಬೇಕು. ಮೊದಲು ಸಮಿತಿ ಕೂರಿಸಿ ಮಾತಾಡಬೇಕು, ಮಗುವನ್ನು ಇಟ್ಟುಕೊಳ್ಳುವ ದಾರಿ ಇದೆಯಾ ಅಂತ ನೋಡಬೇಕು. ಆಗಲೂ ಕೊಡುತ್ತೇನೆ ಅಂದರೆ ಒಪ್ಪಿಸುವ ಪತ್ರಕ್ಕೆ ಸಹಿ. ಮದುವೆಯಾಗದ ತಾಯಿಯಾದರೆ ಆದಷ್ಟೂ ಸಮಿತಿಯ ಮಹಿಳಾ ಸದಸ್ಯರ ಎದುರು ಸಹಿ ಆಗಬೇಕು, ಅವಳ ಗುಟ್ಟು ಕಾಯಬೇಕು. ಮಗು ದತ್ತು ಕೇಂದ್ರಕ್ಕೆ ಹೋಗುತ್ತೆ. ಅವತ್ತಿನಿಂದ 60 ದಿನದೊಳಗೆ ತಾಯಿ ಬಂದು ನನ್ನ ಮಗು ಕೊಡಿ ಅನ್ನಬಹುದು. ಆ ದಿನಗಳು ಕಳೆದ ಮೇಲಷ್ಟೇ ಮಗುವನ್ನು ದತ್ತಿಗೆ ಕೊಡಬಹುದಾದ ಮಗು ಅಂತ ಘೋಷಿಸುತ್ತಾರೆ.

ನರ್ಸಿಂಗ್ ಹೋಮಿನ ಬಾಂಡ್ ಪೇಪರಿಗೆ ಇಲ್ಲಿ ಕಿಮ್ಮತ್ತೇ ಇಲ್ಲ. ಅದು ದತ್ತಲ್ಲ, ಮಾರಾಟ. ಕೊಟ್ಟವರಿಗೂ ಕೊಂಡವರಿಗೂ 5 ವರ್ಷದವರೆಗೆ ಜೈಲು, ಆಸ್ಪತ್ರೆಯವರೇ ಮಾಡಿದರೆ ಕನಿಷ್ಠ 3, ಗರಿಷ್ಠ 7. ಗೆಳೆಯನಿಗೆ ಇದನ್ನು ಓದಿ ಹೇಳಿದೆ. ಅವನ ಹೆಂಡತಿ ಕೇಳಿದ್ದು ಮಾತ್ರ ಬೇರೆ ಪ್ರಶ್ನೆ: "ನಾಳೆ ಆ ಹುಡುಗಿ ಬಾಗಿಲಿಗೆ ಬಂದು ನಿಂತ್ರೆ ನಾನೇನಂತ ಹೇಳ್ಲಿ?" ಅವರಿಬ್ಬರೂ ಈಗ ಕಾರಾ ಪಟ್ಟಿಯಲ್ಲಿ ಕಾಯುತ್ತಿದ್ದಾರೆ. ವರ್ಷಗಟ್ಟಲೆ ಕಾಯಬೇಕಾದ ಪಟ್ಟಿ ಅದು. ದಲ್ಲಾಳಿಗಳು ಬದುಕಿರೋದೇ ಆ ಪಟ್ಟಿಯ ಉದ್ದದಿಂದ.

ಅರವತ್ತು ದಿನ ಜಾಸ್ತಿ ಆಯ್ತು ಅನ್ನುವವರೂ ಇದ್ದಾರೆ. ಹುಟ್ಟಿದ ಕೂಸಿಗೆ ಮೊದಲ ದಿನದಿಂದ ಒಂದೇ ತೋಳು ಬೇಕು, ಎರಡು ತಿಂಗಳು ಸಂಸ್ಥೆಯ ಸಾಲುತೊಟ್ಟಿಲಲ್ಲಿ ಯಾಕೆ ಇಡಬೇಕು ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೂ ದಿನ ಕಡಿಮೆ ಮಾಡೋದು ನನಗೆ ಸರಿ ಕಾಣಲ್ಲ. ನನಗೆ ಕೊರಗು ಇರೋದು ಇನ್ನೊಂದು ಕಡೆ. ಆ ಅರವತ್ತು ದಿನ ಮಗುವನ್ನು ನೋಡಿಕೊಳ್ಳೋಕೆ ಆಯಾ ಇದ್ದಾರೆ, ಡಾಕ್ಟರ್ ಇದ್ದಾರೆ, ರಿಜಿಸ್ಟರ್ ಇದೆ. ತಾಯಿ ಎಲ್ಲಿರುತ್ತಾಳೆ? ತಿರುಗಿ ಅದೇ ಮನೆ, ಅದೇ ಹಾಸ್ಟೆಲ್, ಅದೇ ಗಾರ್ಮೆಂಟ್ಸ್ ಕೆಲಸ. ಬಾಣಂತನ ಇಲ್ಲ, ಬಿಸಿನೀರು ಇಲ್ಲ. ಎದೆ ಬಿಗಿದು ಹಾಲು ಸೋರಿದರೆ ಕುಪ್ಪಸದೊಳಗೆ ಬಟ್ಟೆ ಮಡಚಿ ಇಟ್ಟುಕೊಂಡು ಶಿಫ್ಟಿಗೆ ಹೋಗಬೇಕು. ಯಾರಿಗೂ ಹೇಳುವಂತಿಲ್ಲ. ಬಂದು ಮಗು ಕೇಳಬಹುದು ಅಂತ ಕಾನೂನು ಹೇಳುತ್ತೆ. ಬಸ್ ಚಾರ್ಜಿಗೆ, ಬಾಡಿಗೆಗೆ, ಮಗುವನ್ನು ಎತ್ತಿಕೊಂಡು ಹೋದರೆ ಒಳಗೆ ಸೇರಿಸುವ ಒಂದು ಮನೆಗೆ ಏನು ಮಾಡಬೇಕು ಅಂತ ಆ ಸಹಿ ಹಾಕಿದ ಪತ್ರದಲ್ಲಿ ಇಲ್ಲ. ಸಾರಾ ಬೆಂಡರಿಗೂ ಬೇಕಾಗಿದ್ದು ಅದೇ ತಾನೆ.

ನಿಮ್ಮ ಕಿವಿಗೂ ಎಂದಾದರೂ 'ಎಂಟನೇ ತಿಂಗಳಂತೆ, ಕೊಡ್ತಾರಂತೆ' ಅನ್ನೋ ಮಾತು ಬಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಬಹುದು, ದುಡ್ಡು ಬೇಕಿಲ್ಲ. ಆ ಹುಡುಗಿಯ ಪರಿಚಯವೇ ಇದ್ದರೆ ಎರಡು ವಿಷಯ ಅವಳ ಕಿವಿಗೆ ಹಾಕಿ. ಈಗ ಆಡಿದ ಮಾತಿಗೆ, ತೆಗೆದುಕೊಂಡ ಅಡ್ವಾನ್ಸಿಗೆ ಅವಳು ಕಟ್ಟುಬೀಳಬೇಕಿಲ್ಲ. ಹೆತ್ತ ಮೇಲೆ ಸಮಿತಿ ಮುಂದೆ ಸಹಿ ಹಾಕಿದರೂ ಅರವತ್ತು ದಿನ ಅವಳದು. ಎಣಿಕೆ ಶುರುವಾಗೋದು ಸಹಿ ಹಾಕಿದ ದಿನದಿಂದ.